ಫ್ಯಾಕ್ಟ್‌ಚೆಕ್: ಪ್ರಜ್ವಲ್ ರೇವಣ್ಣಗೆ ವೀಸಾ ಕೊಡಿಸಿದ್ದು ಕೇಂದ್ರವೇ?

ಪ್ರಜ್ವಲ್ ದೇಶ ಬಿಡಲು ಕೇಂದ್ರವೇ ವೀಸಾ ಕೊಡಿಸಿತು, ಕೊನೆಗೆ ಶಿಕ್ಷೆಯೂ ಆಗಲಿಲ್ಲ ಎನ್ನುವವರಿದ್ದಾರೆ. ದಾಖಲೆ ಏನು ಹೇಳುತ್ತದೆ, ನೋಡೋಣ.

ವೀಸಾ: 2024ರ ಏಪ್ರಿಲ್‌ನಲ್ಲಿ ಅಂದಿನ ಹಾಸನ ಸಂಸದ ಪ್ರಜ್ವಲ್ ಜರ್ಮನಿಗೆ ಹೋಗಿದ್ದು ರಾಜತಾಂತ್ರಿಕ ಪಾಸ್‌ಪೋರ್ಟ್‌ನಲ್ಲಿ. ಅದಿದ್ದವರಿಗೆ ಅಲ್ಲಿ ವೀಸಾ ಬೇಕಿಲ್ಲ. ಅವರು ಅನುಮತಿ ಕೇಳಿರಲಿಲ್ಲ, ತಾನು ಕೊಟ್ಟೂ ಇಲ್ಲ ಎಂದು ವಿದೇಶಾಂಗ ಸಚಿವಾಲಯ ಮೇ 2ರಂದು ತಿಳಿಸಿತು. ಸಾಮಾನ್ಯರಿಗಿಲ್ಲದ ಸೌಲಭ್ಯ ಅವರಿಗಿತ್ತು ಎಂಬುದಂತೂ ನಿಜ.

ಶಿಕ್ಷೆ: ಮೇ 31ರಂದು ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಎಸ್‌ಐಟಿ ಬಂಧಿಸಿತು. ಒಂದು ಅತ್ಯಾಚಾರ ಪ್ರಕರಣದಲ್ಲಿ 2025ರ ಆಗಸ್ಟ್ 2ರಂದು ಜನಪ್ರತಿನಿಧಿಗಳ ವಿಶೇಷ ನ್ಯಾಯಾಲಯ ಜೀವಾವಧಿ ಶಿಕ್ಷೆ ವಿಧಿಸಿತು. ಅವರು ಹೈಕೋರ್ಟ್‌ಗೆ ಮೇಲ್ಮನವಿ ಸಲ್ಲಿಸಿದರು.

ನಮ್ಮ ವಿನಂತಿ: ವಿಡಿಯೊ ಬಂದರೆ ಡಿಲೀಟ್ ಮಾಡಿ. ಫಾರ್ವರ್ಡ್ ಮಾಡುವುದು ಅಪರಾಧ, ಸಂತ್ರಸ್ತೆಯರಿಗೆ ಮತ್ತೊಂದು ಹಿಂಸೆ.