ಮಕ್ಕಳಲ್ಲಿ ವೈರಾಣು ಶ್ವಾಸಕೋಶ ಸೋಂಕಿನ ಎದೆಚಿತ್ರಣ

ಮಕ್ಕಳ ಶ್ವಾಸಕೋಶಕ್ಕೆ ವೈರಾಣು ಸೋಂಕು ತಗುಲಿದಾಗ ಎದೆಯೊಳಗಿನ ಸ್ಥಿತಿಯನ್ನು ಕ್ಷ-ಕಿರಣ, ಅಲ್ಟ್ರಾಸೌಂಡ್ ಅಥವಾ ಸಿ.ಟಿ. ಸ್ಕ್ಯಾನ್ ಮೂಲಕ ಪರೀಕ್ಷಿಸುವುದನ್ನು ಎದೆಚಿತ್ರಣ ಎನ್ನಬಹುದು. ಇವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಎದೆಯ ಕ್ಷ-ಕಿರಣ ಚಿತ್ರ. ಅದು ಸೋಂಕಿನ ವ್ಯಾಪ್ತಿಯನ್ನೂ ತೊಡಕುಗಳನ್ನೂ ತೋರಿಸಬಲ್ಲದು. ಆದರೆ ಕಾರಣ ವೈರಾಣುವೋ ಬ್ಯಾಕ್ಟೀರಿಯವೋ ಎಂಬುದನ್ನು ಚಿತ್ರವೊಂದರಿಂದಲೇ ಖಚಿತವಾಗಿ ಹೇಳಲಾಗದು.

ಕಾರಣವಾಗುವ ವೈರಾಣುಗಳು

ಎರಡು ವರ್ಷದೊಳಗಿನ ಮಕ್ಕಳಲ್ಲಿ ಕಿರುಶ್ವಾಸನಾಳಗಳ ಉರಿಯೂತಕ್ಕೆ, ಅಂದರೆ ಬ್ರಾಂಕಿಯೋಲೈಟಿಸ್‌ಗೆ, ಆರ್.ಎಸ್.ವಿ. ಎಂಬ ವೈರಾಣು ಪ್ರಮುಖ ಕಾರಣ. ಇದನ್ನು 1956ರಲ್ಲಿ ಮೊದಲಿಗೆ ಚಿಂಪಾಂಜಿಗಳಲ್ಲಿ ಗುರುತಿಸಲಾಯಿತು. ಇನ್‌ಫ್ಲುಯೆನ್ಸಾ, ಪ್ಯಾರಾಇನ್‌ಫ್ಲುಯೆನ್ಸಾ, ಅಡಿನೋವೈರಸ್ ಹಾಗೂ 2001ರಲ್ಲಿ ನೆದರ್ಲೆಂಡ್ಸ್‌ನಲ್ಲಿ ಪತ್ತೆಯಾದ ಮೆಟಾನ್ಯುಮೋವೈರಸ್ ಇತರ ಕಾರಣಗಳು. ದಡಾರದ ವೈರಾಣುವೂ ನ್ಯುಮೋನಿಯಾ ತರಬಲ್ಲದು.

ಚಿತ್ರದಲ್ಲಿ ಕಾಣುವ ಲಕ್ಷಣಗಳು

ಕ್ಷ-ಕಿರಣ ಚಿತ್ರದಲ್ಲಿ ಗಾಳಿ ಕಪ್ಪಾಗಿಯೂ ಮೂಳೆ ಬಿಳಿಯಾಗಿಯೂ ಕಾಣುತ್ತವೆ. ಮಗುವಿನ ಶ್ವಾಸನಾಳಗಳು ಬಹಳ ಕಿರಿದಾಗಿರುವುದರಿಂದ ಅವುಗಳ ಒಳಪದರ ಸ್ವಲ್ಪ ಊದಿಕೊಂಡು ಲೋಳೆ ತುಂಬಿದರೂ ಗಾಳಿಯ ಸಂಚಾರಕ್ಕೆ ತಡೆಯುಂಟಾಗುತ್ತದೆ. ಇದರಿಂದ ಮುಖ್ಯವಾಗಿ ಮೂರು ಲಕ್ಷಣಗಳು ತೋರುತ್ತವೆ.

ಮೊದಲನೆಯದು, ಒಳಹೋದ ಗಾಳಿ ಹೊರಬರಲಾಗದೆ ಶ್ವಾಸಕೋಶಗಳು ಅತಿಯಾಗಿ ಹಿಗ್ಗುವುದು. ಆಗ ಕಮಾನಿನಂತಿರಬೇಕಾದ ವಪೆ ಚಪ್ಪಟೆಯಾಗಿ ಕಾಣುತ್ತದೆ. ಎರಡನೆಯದು, ಶ್ವಾಸನಾಳಗಳ ಗೋಡೆ ದಪ್ಪವಾಗಿ, ಹೃದಯದ ಇಕ್ಕೆಲಗಳಲ್ಲಿ ಗೆರೆಗಳಂತಹ ನೆರಳುಗಳು ಮೂಡುವುದು. ಮೂರನೆಯದು, ನಾಳ ಪೂರ್ತಿ ಮುಚ್ಚಿದೆಡೆ ಸಿಕ್ಕಿಬಿದ್ದ ಗಾಳಿಯು ರಕ್ತಕ್ಕೆ ಹೀರಲ್ಪಟ್ಟು ಆ ಭಾಗ ಕುಸಿಯುವುದು. ನೆರೆಯ ಗಾಳಿಗೂಡುಗಳ ನಡುವಿನ ಸೂಕ್ಷ್ಮ ದಾರಿಗಳು ಶಿಶುಗಳಲ್ಲಿ ಪೂರ್ಣವಾಗಿ ಬೆಳೆದಿರುವುದಿಲ್ಲವಾದ್ದರಿಂದ ಕುಸಿತ ಸುಲಭವಾಗಿ ಸಂಭವಿಸುತ್ತದೆ.

ಚಿತ್ರ ಓದುವಲ್ಲಿನ ತೊಡಕುಗಳು

ಕುಸಿದ ಭಾಗವು ಬಿಳಿ ಮಚ್ಚೆಯಾಗಿ ಕಾಣುವುದರಿಂದ ಅದನ್ನು ಬ್ಯಾಕ್ಟೀರಿಯದ ನ್ಯುಮೋನಿಯಾ ಎಂದು ಭಾವಿಸುವ ಸಂಭವವಿದೆ. ಆಗ ವೈರಾಣುವಿನ ಮೇಲೆ ಯಾವ ಪರಿಣಾಮವನ್ನೂ ಬೀರದ ಆ್ಯಂಟಿಬಯಾಟಿಕ್ ಔಷಧಗಳನ್ನು ಮಗುವಿಗೆ ಅನಗತ್ಯವಾಗಿ ಕೊಡುವಂತಾಗುತ್ತದೆ. ಶಿಶುಗಳಲ್ಲಿ ಸಹಜವಾಗಿಯೇ ದೊಡ್ಡದಿರುವ ಥೈಮಸ್ ಗ್ರಂಥಿಯ ನೆರಳನ್ನೂ ರೋಗವೆಂದು ಭ್ರಮಿಸುವುದುಂಟು. ಅಳುವ ಮಗು ಉಸಿರು ಬಿಟ್ಟ ಗಳಿಗೆಯಲ್ಲಿ ತೆಗೆದ ಚಿತ್ರದಲ್ಲಿ ಆರೋಗ್ಯವಂತ ಶ್ವಾಸಕೋಶವೂ ಮಸುಕಾಗಿ ತೋರುತ್ತದೆ.

ಯಾವಾಗ ಅಗತ್ಯ

ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ 2014ರ ಮಾರ್ಗಸೂಚಿಯು ಬ್ರಾಂಕಿಯೋಲೈಟಿಸ್ ಇರುವ ಎಲ್ಲ ಮಕ್ಕಳಿಗೂ ವಾಡಿಕೆಯಂತೆ ಕ್ಷ-ಕಿರಣ ಚಿತ್ರ ತೆಗೆಸುವುದು ಬೇಡವೆನ್ನುತ್ತದೆ. ಮಗುವಿನ ಉಸಿರಾಟವನ್ನು ಗಮನಿಸುವುದೇ ಮೊದಲ ಪರೀಕ್ಷೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ, ನಿಮಿಷಕ್ಕೆ ಎರಡು ತಿಂಗಳೊಳಗಿನ ಶಿಶುವಿನಲ್ಲಿ 60, 2ರಿಂದ 11 ತಿಂಗಳವರೆಗೆ 50, 1ರಿಂದ 5 ವರ್ಷದೊಳಗೆ 40 ಅಥವಾ ಅದಕ್ಕಿಂತ ಹೆಚ್ಚು ಬಾರಿ ಉಸಿರಾಡಿದರೆ ಅದು ವೇಗದ ಉಸಿರಾಟ. ರೋಗ ತೀವ್ರವಾಗಿದ್ದಾಗ, ರಕ್ತದಲ್ಲಿ ಆಮ್ಲಜನಕ ಕುಗ್ಗಿದಾಗ, ಚಿಕಿತ್ಸೆಗೆ ಗುಣ ಕಾಣದಿದ್ದಾಗ ಅಥವಾ ಶ್ವಾಸಕೋಶದ ಸುತ್ತ ದ್ರವ ಇಲ್ಲವೆ ಗಾಳಿ ಸೇರಿರುವ ಸಂದೇಹವಿದ್ದಾಗ ಚಿತ್ರ ನೆರವಾಗುತ್ತದೆ.

ಇತರ ವಿಧಾನಗಳು

ಅಲ್ಟ್ರಾಸೌಂಡ್‌ನಲ್ಲಿ ವಿಕಿರಣವಿಲ್ಲ, ಶ್ವಾಸಕೋಶದ ಸುತ್ತಲಿನ ದ್ರವವನ್ನೂ ಅಂಚಿನ ಸೋಂಕನ್ನೂ ಹಾಸಿಗೆಯ ಬಳಿಯೇ ನೋಡಬಹುದು. ಆದರೆ ಗಾಳಿ ತುಂಬಿದ ಒಳಭಾಗ ಇದಕ್ಕೆ ಗೋಚರಿಸದು. ಸಿ.ಟಿ. ಸ್ಕ್ಯಾನ್‌ನ ವಿಕಿರಣ ಪ್ರಮಾಣ ಸಾಧಾರಣ ಕ್ಷ-ಕಿರಣ ಚಿತ್ರಕ್ಕಿಂತ ಬಹುಪಟ್ಟು ಅಧಿಕ. ಬೆಳೆಯುವ ಅಂಗಾಂಶಗಳು ವಿಕಿರಣಕ್ಕೆ ಸೂಕ್ಷ್ಮವಾದ್ದರಿಂದ ಮಕ್ಕಳಲ್ಲಿ ಇದನ್ನು ಸಂಕೀರ್ಣ ಪ್ರಸಂಗಗಳಿಗೆ ಮೀಸಲಿಡಲಾಗುತ್ತದೆ. ತೀವ್ರ ಅಡಿನೋವೈರಸ್ ಸೋಂಕಿನ ನಂತರ ಕಿರುಶ್ವಾಸನಾಳಗಳು ಶಾಶ್ವತವಾಗಿ ಮುಚ್ಚಿಹೋಗುವ ರೋಗವನ್ನು ಗುರುತಿಸುವುದು ಅಂತಹ ಒಂದು ಉಪಯೋಗ.