ಕಬ್ಬಿನ ಹೊಲದಿಂದ ಕಾರ್ಖಾನೆಯವರೆಗೆ: ಶ್ರಮಿಕರ ಹಕ್ಕಿನ ವಿಕಾಸ

ಬಸವನ ಬಾಗೇವಾಡಿ ಸೀಮೆಯ ಗೊಳಸಂಗಿಯ ಸುತ್ತಣ ನೆಲವು ಬಿಳಿಜೋಳಕ್ಕೆ ಹೆಸರಾದಂತೆಯೇ ಬರಗಾಲಕ್ಕೂ ಹೆಸರಾದುದು. ಅಂದು ಕಲಾದಗಿ ಜಿಲ್ಲೆಯೆನಿಸಿದ್ದ ಈ ಪ್ರಾಂತವನ್ನು 1876-78ರ ಮಹಾಕ್ಷಾಮವು ಹಿಂಡಿತು. ಮಳೆ ಕೈಕೊಟ್ಟ ವರ್ಷ ಗುಳೆ ಹೊರಡುವುದು ಇಲ್ಲಿಯ ಬಡವರಿಗೆ ಪರಂಪರಾಗತವಾದ ಬಾಳುವೆಯಾಯಿತು. 1964ರಲ್ಲಿ ಲಾಲ್ ಬಹಾದುರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಶಂಕುಸ್ಥಾಪನೆ ಮಾಡಿದ ಅಣೆಕಟ್ಟಿನಿಂದ ಕಾಲುವೆಗಳೂ, ಅವುಗಳ ಬೆನ್ನಿಗೆ ಕಬ್ಬೂ ಬಂದವಾದರೂ, ಒಣಭೂಮಿಯ ಹಳ್ಳಿಗಳಿಂದಲೂ ತಾಂಡಾಗಳಿಂದಲೂ ಕಬ್ಬು ಕಡಿಯುವ ಗ್ಯಾಂಗುಗಳು ಹೊರಡುವುದು ನಿಂತಿಲ್ಲ.

ಈ ಗ್ಯಾಂಗಿನ ವ್ಯವಸ್ಥೆಯನ್ನರಿಯದೆ ಸಕ್ಕರೆ ಉದ್ಯಮದ ಮಾನವ ಹಕ್ಕುಗಳನ್ನು ಕುರಿತು ಮಾತನಾಡುವುದು ವ್ಯರ್ಥ. ಕಾರ್ಖಾನೆಯು ಕಟಾವು ಮತ್ತು ಸಾಗಣೆಯ ಗುತ್ತಿಗೆಯನ್ನು ಕೊಡುತ್ತದೆ. ಗುತ್ತಿಗೆದಾರನು ಗ್ಯಾಂಗಿನ ಮೇಸ್ತ್ರಿಯಾದ ಮುಕಾದಮನಿಗೆ ಹಣ ಒಪ್ಪಿಸುತ್ತಾನೆ. ಮುಕಾದಮನು ಹಂಗಾಮಿಗೆ ಮುನ್ನವೇ ಗಂಡಹೆಂಡಿರ ಜೋಡಿಗೆ ಮುಂಗಡವಿತ್ತು, ಇಬ್ಬರನ್ನೂ ಒಂದೇ ‘ಕೋಯ್ತಾ’ (ಕುಡುಗೋಲು) ಎಂದು ಎಣಿಸುತ್ತಾನೆ. ಟನ್ನಿನ ಲೆಕ್ಕದ ಕೂಲಿಯಲ್ಲಿ ಮುಂಗಡ ತೀರದಿದ್ದರೆ ಶೇಷವು ಮರುವರ್ಷದ ದುಡಿಮೆಯನ್ನು ಮೊದಲೇ ಒತ್ತೆಯಿಟ್ಟುಕೊಳ್ಳುತ್ತದೆ. ಕಾರ್ಖಾನೆಯ ಹಾಜರಿ ಪುಸ್ತಕದಲ್ಲಿ ಮಾತ್ರ ಆ ದಂಪತಿಗಳ ಹೆಸರಿರುವುದಿಲ್ಲ.

ಕಾನೂನಿನ ದೃಷ್ಟಿಯೂ ಬಹುಕಾಲ ಕಾರ್ಖಾನೆಯ ಹೆಬ್ಬಾಗಿಲಿನಲ್ಲೇ ನಿಂತಿತ್ತು. ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿಯು 1933ರಲ್ಲಿ ಸ್ಥಾಪಿತವಾದಂದಿನಿಂದ ಯಂತ್ರಶಾಲೆಯ ಕಾರ್ಮಿಕನು ಕ್ರಮೇಣ ಹಕ್ಕುಗಳನ್ನು ಪಡೆದನು. 1948ರ ಕಾರ್ಖಾನೆಗಳ ಕಾಯಿದೆಯು ಅವನಿಗೆ ರಕ್ಷಣೆಯಾಯಿತು. ಹೊಲದ ಕಡೆಗೆ ಕಾನೂನು ದೃಢವಾಗಿ ತಿರುಗಿದುದು, ಸಾಲಕ್ಕೆ ದುಡಿಮೆಯನ್ನು ಕಟ್ಟಿಹಾಕುವುದನ್ನು ನಿಷೇಧಿಸಿದ 1976ರ ಜೀತಪದ್ಧತಿ ರದ್ದತಿ ಕಾಯಿದೆಯಿಂದ. 1979ರ ಅಂತರರಾಜ್ಯ ವಲಸೆ ಕಾರ್ಮಿಕರ ಕಾಯಿದೆಯು ಅದನ್ನು ಹಿಂಬಾಲಿಸಿತು. 1982ರಲ್ಲಿ ದಿಲ್ಲಿಯ ಏಷ್ಯನ್ ಕ್ರೀಡಾಕೂಟದ (ಏಷ್ಯಾಡ್) ಕಾಮಗಾರಿಯ ಮೊಕದ್ದಮೆಯನ್ನು ತೀರ್ಮಾನಿಸಿದ ಸರ್ವೋಚ್ಚ ನ್ಯಾಯಾಲಯವು, ಕನಿಷ್ಠ ವೇತನಕ್ಕಿಂತ ಕಡಿಮೆ ಕೂಲಿಗೆ ದುಡಿಸುವುದು ಸಂವಿಧಾನದ 23ನೆಯ ವಿಧಿಯು ನಿಷೇಧಿಸಿದ ಬಲವಂತದ ದುಡಿಮೆಯೇ ಎಂದೂ, ಗುತ್ತಿಗೆದಾರನನ್ನು ಮುಂದೊಡ್ಡಿ ಮೂಲ ಮಾಲಿಕನು ಜಾರಿಕೊಳ್ಳಲಾಗದೆಂದೂ ವಿಧಿಸಿತು.

ಖಾಸಗಿ ಕಂಪನಿಗಳಿಗೆ ಹೊಣೆಯ ಅದೇ ಪ್ರಶ್ನೆಯು ಹತ್ತಿಬೀಜದ ಹೊಲದಿಂದ ಬಂದಿತು. ಧಾರವಾಡದಲ್ಲಿ ಡಾ. ಬಿ. ಎಚ್. ಕಟರಕಿಯವರು ರೂಪಿಸಿ 1972ರಲ್ಲಿ ಬಿಡುಗಡೆಯಾದ ವರಲಕ್ಷ್ಮಿಯೇ ಮೊದಲಾದ ಸಂಕರ ತಳಿಗಳ ಬೀಜವನ್ನು ಪಡೆಯಲು, ಸಂಜೆ ಒಂದೊಂದೇ ಮೊಗ್ಗಿನ ಕೇಸರವನ್ನು ಕಿತ್ತು, ಮರುದಿನ ಬೆಳಗ್ಗೆ ಕೈಯಿಂದ ಪರಾಗಸ್ಪರ್ಶ ಮಾಡಬೇಕಾಗಿತ್ತು. ಈ ಕೆಲಸಕ್ಕೆ ಅಲ್ಪ ಕೂಲಿಯ ಬಾಲಕಿಯರನ್ನು ಹಚ್ಚುವುದು ಆಂಧ್ರದಲ್ಲಿಯೂ ಕರ್ನಾಟಕದಲ್ಲಿಯೂ ರೂಢಿಯಾಯಿತು. ಸಂಶೋಧಕ ದಾವುಲೂರಿ ವೆಂಕಟೇಶ್ವರಲು ಅವರ 2003ರ ಅಧ್ಯಯನವು ಇದರಲ್ಲಿ ಬಹುರಾಷ್ಟ್ರೀಯ ಬೀಜ ಕಂಪನಿಗಳ ಹೊಣೆಯನ್ನು ಎತ್ತಿತೋರಿದಾಗ, ಮಕ್ಕಳನ್ನು ನೇಮಿಸಿದವನು ರೈತನಲ್ಲವೇ ಎಂಬ ಸಮಾಧಾನವು ನಿಲ್ಲಲಿಲ್ಲ. ಕಂಪನಿಯು ಬೀಜಕ್ಕೆ ತೆರುವ ಬೆಲೆಯೇ ರೈತನು ಕೊಡಬಲ್ಲ ಕೂಲಿಯ ಮಿತಿಯಾಗಿತ್ತು. ಅನಂತರ ಕೆಲವು ಕಂಪನಿಗಳು ಹೊಲಗಳ ತಪಾಸಣೆಯನ್ನೂ, ಮಕ್ಕಳನ್ನು ದುಡಿಸದ ರೈತರಿಗೆ ಹೆಚ್ಚುವರಿ ಹಣವನ್ನೂ ಏರ್ಪಡಿಸಬೇಕಾಯಿತು.

ಇಂಥ ಅನುಭವಗಳಿಗೆ ಜಾಗತಿಕ ಸೂತ್ರರೂಪವನ್ನಿತ್ತುದು, ವಿಶೇಷ ಪ್ರತಿನಿಧಿಯಾಗಿದ್ದ ಜಾನ್ ರಗ್ಗಿಯವರು ರಚಿಸಿ ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಮಂಡಳಿಯು 2011ರಲ್ಲಿ ಅನುಮೋದಿಸಿದ ಮಾರ್ಗದರ್ಶಿ ತತ್ತ್ವಗಳು: ರಕ್ಷಣೆ ರಾಜ್ಯದ ಧರ್ಮ, ಗೌರವ ಉದ್ಯಮದ ಹೊಣೆ, ಪರಿಹಾರ ನೊಂದವರ ಹಕ್ಕು. ಭಾರತವು 2019ರಲ್ಲಿ ಹೊಣೆಗಾರ ಉದ್ಯಮದ ರಾಷ್ಟ್ರೀಯ ಮಾರ್ಗಸೂಚಿಯನ್ನು ಹೊರಡಿಸಿತು. 2021ರಲ್ಲಿ ಷೇರುಪೇಟೆಯ ನಿಯಂತ್ರಕ ಸಂಸ್ಥೆಯಾದ ಸೆಬಿಯು ಅಲ್ಲಿಯ ಮೊದಲ 1000 ಕಂಪನಿಗಳಿಗೆ ಈ ಹೊಣೆಗಾರಿಕೆಯ ವರದಿಯನ್ನು ವಿಧಿಸಿತು. ಆದರೆ ಕೃಷ್ಣಾತೀರದ ಸಹಕಾರಿ ಕಾರ್ಖಾನೆಗಳಿಗೆ ಷೇರುಪೇಟೆಯ ಗೊಡವೆಯೇ ಇಲ್ಲವಾಗಿ, ಆ ವಿಧಿಯು ಅವುಗಳನ್ನು ತಟ್ಟದು. ಕಾಗದದ ಸೂತ್ರಕ್ಕೂ ಹೊಲದ ಬಾಳಿಗೂ ಇರುವ ಅಂತರಕ್ಕೆ ಸಾಕ್ಷಿಯಾಗಿ, ಮಾರ್ಗಸೂಚಿ ಹೊರಟ ಅದೇ 2019ರಲ್ಲಿ ಮಹಾರಾಷ್ಟ್ರ ಸರ್ಕಾರದ ಸಮಿತಿಯೊಂದು ಬೀಡ ಜಿಲ್ಲೆಯ ಕಬ್ಬು ಕಡಿಯುವ 82,309 ಸ್ತ್ರೀಯರ ಸಮೀಕ್ಷೆಯಲ್ಲಿ 13,861 ಮಂದಿ ಗರ್ಭಕೋಶವನ್ನು ತೆಗೆಸಿಕೊಂಡಿದ್ದುದನ್ನು ಕಂಡಿತು.

ಹೊಣೆಯು ನೇಮಿಸಿದವನಿಂದ ಲಾಭ ಪಡೆಯುವವನ ಕಡೆಗೆ ಸರಿದುಬಂದುದೇ ಈ ವಿಕಾಸದ ಸಾರ. ಆದರೆ ಅದಿನ್ನೂ ಮುಕಾದಮನ ವಹಿಯವರೆಗೆ ತಲುಪಿಲ್ಲ. ಆದುದರಿಂದ ಪ್ರತಿ ಕಾರ್ಖಾನೆಯೂ ತನ್ನ ಗ್ಯಾಂಗುಗಳ ಹೆಸರನ್ನು ದಾಖಲಿಸಲಿ, ಹೆಣ್ಣಿನ ಕೂಲಿಯನ್ನು ಬೇರೆಯಾಗಿ ಅವಳ ಕೈಗೇ ಸಲ್ಲಿಸಲಿ, ಮುಂಗಡದ ಲೆಕ್ಕದ ಪ್ರತಿಯನ್ನು ಕಡಿಯುವವರಿಗೇ ಕೊಡಲಿ. ಈ ಮೂರನ್ನು ಮಾಡದ ಕಾರ್ಖಾನೆಯ ಮಾನವ ಹಕ್ಕುಗಳ ಘೋಷಣೆಯನ್ನು ನಂಬಬೇಕಾದ ಕಾರಣವಿಲ್ಲ.