ಕೋಲಾರ ಸೀಮೆಯ ‘ಮೇಸ್ತ್ರಿ’: ಪೋರ್ಚುಗೀಸ್ ಪದಗಳು ಬಂದ ದಾರಿಯ ಮರುಪರಿಶೀಲನೆ

ಕನ್ನಡಕ್ಕೆ ಪೋರ್ಚುಗೀಸ್ ಭಾಷೆಯಿಂದ ಪದಗಳು ಬಂದಿವೆ ಎಂಬುದರಲ್ಲಿ ಯಾರಿಗೂ ಸಂದೇಹವಿಲ್ಲ. ಪಾದ್ರಿ, ಇಸ್ತ್ರಿ, ಪೀಪಾಯಿ, ಅನಾನಸು, ಅಲಮಾರು ಇವೆಲ್ಲ ದಿನಬಳಕೆಯ ಮಾತುಗಳು. ಗೋವೆಯ ವಿದ್ವಾಂಸ ಪಾದ್ರಿ ಸೆಬಾಸ್ಟಿಯಾವ್ ರೊಡೊಲ್ಫೊ ದಲ್ಗಾದೊ ಏಷ್ಯಾದ ಭಾಷೆಗಳಲ್ಲಿನ ಇಂಥ ಪದಗಳನ್ನು ಕಲೆಹಾಕಿ 1913ರಲ್ಲಿ ಪ್ರಕಟಿಸಿದರು. 1936ರಲ್ಲಿ ಸೋರೆಸ್ ಅವರ ಇಂಗ್ಲಿಷ್ ಅನುವಾದ ಬರೋಡದಿಂದ ಹೊರಬಂತು. ಮೇಜು, ಸಾಬೂನುಗಳು ಪಾರಸಿ–ಅರಬ್ಬಿಯಿಂದ ಬಂದವೋ ಪೋರ್ಚುಗೀಸಿನಿಂದಲೋ ಎಂಬ ಹಳೆಯ ಚರ್ಚೆಯನ್ನು ಇಲ್ಲಿ ಎತ್ತಿಕೊಳ್ಳುವುದಿಲ್ಲ.

ನನ್ನ ತಕರಾರು ಬೇರೆ. ದಲ್ಗಾದೊ ಪದಗಳನ್ನು ಭಾಷಾವಾರು ಕೊಡುತ್ತಾರೆ; ಅಲ್ಲಿ ಕನ್ನಡವೆಂದರೆ ಒಂದೇ ಕನ್ನಡ. ಹೀಗಾಗಿ ಗೋವೆಯಿಂದ ಕೊಂಕಣಿಗೆ, ಕೊಂಕಣಿಯಿಂದ ಕನ್ನಡಕ್ಕೆ ಎಂಬ ಒಂದೇ ದಾರಿಯನ್ನು ಇಡೀ ನಾಡಿಗೆ ಅನ್ವಯಿಸುವುದು ಸಲೀಸಾಗಿಬಿಟ್ಟಿದೆ. ಕರಾವಳಿಗೆ, ಧಾರವಾಡ ಸೀಮೆಗೆ ಅದು ಒಪ್ಪುತ್ತದೆ. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳಿಗೆ ಒಪ್ಪುವುದಿಲ್ಲ.

ಪಡುವಲಲ್ಲಿ ಬಟಾಟೆ ಎಂದು ಪೋರ್ಚುಗೀಸ್ ಹೆಸರನ್ನೇ ಉಳಿಸಿಕೊಂಡ ಬೆಳೆ ಮಾಲೂರಿನ ಹೊಲದಲ್ಲಿ ಆಲೂಗಡ್ಡೆ, ಇಲ್ಲವೇ ಉರ್ಲಗಡ್ಡೆ. ಈ ಎರಡನೆಯದು ತಮಿಳಿನ ಉರುಳೈ, ಗಡಿಯಾಚೆಯ ತೆಲುಗಿನ ಉರ್ಲಗಡ್ಡಗಳ ಒಡಹುಟ್ಟು. ಧಾರವಾಡದ ಪಗಾರ ಇಲ್ಲಿ ಸಂಬಳ. ಅಫೋನ್ಸೊ ದ ಅಲ್ಬುಕರ್ಕನ ಹೆಸರು ಹೊತ್ತ ಮಾವು ಕೊಂಕಣದಲ್ಲಿ ಆಪೂಸ್. ಶ್ರೀನಿವಾಸಪುರದ ಮಂಡಿಯಲ್ಲಿ ಅದೇ ಹಣ್ಣು ಬಾದಾಮಿ. ಆದರೆ ಇಲ್ಲದ ಪದಗಳನ್ನಷ್ಟೇ ಸಾಕ್ಷಿಗೆ ಕರೆಯುವುದು ಅಪಾಯ. ಪೋರ್ಚುಗೀಸಿನ ‘ಶಾವ್’ ತಮಿಳಿನಲ್ಲಿ ಸಾವಿಯಾಗಿ ನಿಂತಿದೆ, ಆದರೂ ಕೋಲಾರದ ಕನ್ನಡಿಗರಿಗೆ ಅದು ಬೀಗದ ಕೈಯೇ. ಪೂರ್ವದಲ್ಲಿದ್ದದ್ದೆಲ್ಲ ಇಲ್ಲಿಗೆ ಬರಲಿಲ್ಲ.

ಆದ್ದರಿಂದ ಇರುವ ಪದವೊಂದನ್ನೇ ನೋಡಬೇಕು. ಮೇಸ್ತ್ರಿ ಪೋರ್ಚುಗೀಸಿನ ‘ಮೆಸ್ತ್ರೆ’ಯಿಂದ ಬಂದದ್ದು, ಅಲ್ಲಿ ಅದಕ್ಕೆ ಗುರು, ಕಸಬಿನಲ್ಲಿ ಪಳಗಿದವ ಎಂಬ ಅರ್ಥ. ಗೋವೆಯ ಕೊಂಕಣಿಯಲ್ಲಿ ‘ಮೇಸ್ತ್’ ಎಂದರೆ ಬಡಗಿ. ಧಾರವಾಡದ ಕಡೆ ಗೋಡೆ ಕಟ್ಟುವವನನ್ನು ಗೌಂಡಿ ಎನ್ನುತ್ತಾರೆ. ಕೋಲಾರದಲ್ಲಿ ಗಾರೆ ಕೆಲಸದವನು ಮೇಸ್ತ್ರಿ. ಅದಕ್ಕಿಂತ ಮುಖ್ಯವಾಗಿ, ಕೂಲಿಯಾಳುಗಳನ್ನು ಕೂಡಿಸಿ ಕೆಲಸಕ್ಕೆ ಹಚ್ಚುವವನೂ ಮೇಸ್ತ್ರಿ. ಆಳುಗಳ ಮೇಲಾಳು ಎಂಬ ಈ ಎರಡನೆಯ ಅರ್ಥ ತಮಿಳು, ತೆಲುಗುಗಳಲ್ಲಿ ಗಟ್ಟಿಯಾಗಿ ಬೇರೂರಿದೆ. ಮದ್ರಾಸ್ ಪ್ರಾಂತ್ಯದಿಂದ ಬರ್ಮಾಕ್ಕೆ ಕೂಲಿಗಳನ್ನು ಒಯ್ದವರೂ ಮೇಸ್ತ್ರಿಗಳೇ. ಚಿನ್ನದ ಗಣಿಗೆ ಉತ್ತರ ಆರ್ಕಾಟು, ಸೇಲಂ, ಚಿತ್ತೂರಿನ ಕಡೆಯಿಂದ ಜನ ಬಂದರು. ಮಾಲೂರನ್ನು ಹಾದುಹೋಗುವ ಜೋಲಾರಪೇಟೆ–ಬೆಂಗಳೂರು ರೈಲು 1864ರಲ್ಲೇ ಓಡಿತ್ತು. ಮುಳಬಾಗಿಲು ಇರುವುದೇ ಮದ್ರಾಸಿನ ಹೆದ್ದಾರಿಯಲ್ಲಿ. ಆ ದಾರಿಯ ತುದಿಯಲ್ಲಿ, ಮೈಲಾಪುರದ ಸಾಂತೋಮ್‌ನಲ್ಲಿ, ಪೋರ್ಚುಗೀಸರು 16ನೇ ಶತಮಾನದಲ್ಲೇ ನೆಲೆಸಿದ್ದರು. ಕೋಲಾರದ ಮೇಸ್ತ್ರಿ ಬಂದದ್ದು ಮೂಡಣ ಕಡಲಿನಿಂದ ಎಂಬುದು ನನ್ನ ವಾದ.

ಈ ವಾದಕ್ಕೆ ಎದುರಾಗಬಹುದಾದ ಆಕ್ಷೇಪಗಳು ಹಗುರವಲ್ಲ. 1880ರಲ್ಲಿ ಜಾನ್ ಟೇಲರ್ ಕಂಪನಿ ಗಣಿಗೆ ಕೈಹಾಕಿದ ಮೇಲೆ ಕಾರ್ನ್‌ವಾಲಿನವರ ಜೊತೆ ಇಟಲಿಯ ಗಣಿಗಾರರೂ ಬಂದರು. ಇಟಾಲಿಯನ್ನಿನ ‘ಮಾಯೆಸ್ತ್ರೊ’ ಕೂಡ ಅದೇ ಲ್ಯಾಟಿನ್ ಬೇರಿನ ಪದ. ಹಾಗಾದರೆ ಮೇಸ್ತ್ರಿ ಅವರ ಕೊಡುಗೆ ಏಕಾಗಬಾರದು? ಕಾಲವೇ ಇದಕ್ಕೆ ಅಡ್ಡ ಬರುತ್ತದೆ. 1886ರ ಹಾಬ್ಸನ್–ಜಾಬ್ಸನ್ ಕೋಶದ ಹೊತ್ತಿಗಾಗಲೇ ಈ ಪದ ಇಂಡಿಯಾದ ಉದ್ದಗಲ ಹಬ್ಬಿ ಹಳತಾಗಿತ್ತು.

ಎರಡನೆಯ ಆಕ್ಷೇಪ ದಖ್ಖನಿ–ಮರಾಠಿಯದು. ಕೋಲಾರ ಶಹಾಜಿಯ ಜಹಗೀರಾಗಿತ್ತು. ಹೈದರಾಲಿ ಹುಟ್ಟಿದ ಬೂದಿಕೋಟೆ ಇದೇ ಸೀಮೆಯದು. ಅಲಮಾರಿನಂಥ ಪದ ಆ ಬಾಗಿಲಿನಿಂದ ಬಂದಿರಲು ಸಾಧ್ಯ. ಆದರೆ ಮರಾಠಿಯ ಪಗಾರ ಇಲ್ಲಿ ನೆಲೆಯೂರಲಿಲ್ಲ ಎಂಬುದನ್ನು ಮರೆಯಲಾಗದು.

ಮೂರನೆಯದು ನಿಜಕ್ಕೂ ತೊಡಕಿನದು. ಮಲೆನಾಡಿನ ಕಾಫಿ ತೋಟಗಳಲ್ಲೂ ಆಳು ತರುವವನು ಮೇಸ್ತ್ರಿಯೇ. ಅಲ್ಲಿ ಅವನು ಘಟ್ಟದ ಕೆಳಗಿನಿಂದಲೂ ಜನರನ್ನು ತರುತ್ತಿದ್ದ. ಹಾಗಿದ್ದಲ್ಲಿ ಮೇಲಾಳು ಎಂಬ ಅರ್ಥವನ್ನು ಹರಡಿದ್ದು ತಮಿಳು–ತೆಲುಗಿನವರಲ್ಲ, ತೋಟ–ಗಣಿಗಳನ್ನು ನಡೆಸಿದ ಇಂಗ್ಲಿಷರ ಆಡಳಿತದ ಭಾಷೆ ಎನ್ನಬಹುದು. ಇದನ್ನು ಪೂರ್ತಿ ಅಲ್ಲಗಳೆಯುವ ಆಧಾರ ನನ್ನಲ್ಲಿಲ್ಲ. ಕೋಲಾರದ ಮಟ್ಟಿಗಾದರೂ ಆ ಆಡಳಿತದ ಭಾಷೆ ಮದ್ರಾಸಿನಲ್ಲಿ ಪಳಗಿ ಬಂದದ್ದಿರಬೇಕು ಎಂದಷ್ಟೇ ಹೇಳಬಲ್ಲೆ. ಗಾರೆ ಕೆಲಸದ ಅರ್ಥ ಕರಾವಳಿಯಲ್ಲೂ ಉಂಟು. ಆದ್ದರಿಂದ ಅದರ ಮೇಲೆ ನನ್ನ ವಾದ ನಿಂತಿಲ್ಲ.

ಕಾಲದ ಪ್ರಶ್ನೆ ಬಗೆಹರಿದಿಲ್ಲ. ಈ ಅರ್ಥ ಗಣಿಯೊಂದಿಗೆ ಬಂತೋ, ಗಣಿಗಿಂತ ಮೊದಲೇ ಕೆರೆ–ಕಟ್ಟೆಗಳ ಕೆಲಸದಲ್ಲಿ ಇಲ್ಲಿ ಬೇರುಬಿಟ್ಟಿತ್ತೋ? 1880ಕ್ಕಿಂತ ಹಿಂದಿನ ಶಾನುಭೋಗರ ಕಡತಗಳನ್ನು ಈ ನಾಲ್ಕು ತಾಲ್ಲೂಕುಗಳಲ್ಲಿ ಹುಡುಕಿ, ಕೂಲಿ ಲೆಕ್ಕದ ಸಾಲುಗಳಲ್ಲಿ ಮೇಸ್ತ್ರಿ ಯಾರೆಂದು ನೋಡಬೇಕು. ಅಲ್ಲಿ ಅವನು ಬರೀ ಗಾರೆಯವನಾಗಿದ್ದರೆ ನನ್ನ ವಾದದ ಅರ್ಧ ಬಿದ್ದುಹೋಗುತ್ತದೆ.